ಮುಚ್ಚಿಟ್ಟ ತಟ್ಟೆ
ಮಕ್ಕಳ ಜೂಜಿನ ಗೀಳಿನ ಬಗ್ಗೆ ಬಂದ ಲೇಖನವೊಂದರಲ್ಲಿ, ‘ತಾಳ್ಮೆಯಿಂದ ಮಗನ ಜೊತೆ ಮಾತನಾಡಿ’ ಎಂದು ಲೇಖಕರು ಬರೆದಿದ್ದಾರೆ. ಮಾತನಾಡಲು ಅವನು ಮನೆಯಲ್ಲಿರಬೇಕಲ್ಲ! ನನ್ನ ಮಗನಿಗೆ 24 ವರ್ಷ. ಆನ್‌ಲೈನ್ ರಮ್ಮಿಯ ಗೀಳಿಗೆ ಮೊದಲು ಬೈಕ್ ಹೋಯಿತು, ಆಮೇಲೆ ನನ್ನವಳ ಎರಡು ಬಳೆ ಅಡವಿಗೆ ಹೋದವು. ಮೂರು ಸಲ ಸಾಲ ತೀರಿಸಿದೆ. ನಾಲ್ಕನೆಯದಕ್ಕೆ ನಾನೇ ದಾರಿ ಮಾಡಿಕೊಟ್ಟಂತಾಯಿತು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂದಾಗ ಪೀಡೆ ತೊಲಗಿತು ಎಂದುಕೊಂಡೆವು. ರಮ್ಮಿ ನಿಂತಿತು, ಗೀಳು ಕ್ರಿಕೆಟ್ ಬೆಟ್ಟಿಂಗ್‌ಗೆ ಹೊರಳಿತು.

ಒಂದು ರಾತ್ರಿ, ಅವನಿಗೆಂದು ಮುಚ್ಚಿಟ್ಟ ತಟ್ಟೆಯಲ್ಲಿ ಮುದ್ದೆ ಒಣಗುತ್ತಿದ್ದಾಗ, ಹೆಂಡತಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದಳು. ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮಗನ ಬಗ್ಗೆ ಕೇಳುತ್ತಾರೆ ಎಂದುಕೊಂಡರೆ, ‘ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತಮ್ಮ?’ ಎಂದರಂತೆ. ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು.

ಇನ್ನು ಸಾಲ ತೀರಿಸುವುದಿಲ್ಲ, ಊಟ ಮತ್ತು ಆಸ್ಪತ್ರೆಯ ಖರ್ಚು ನಮ್ಮದು ಎಂದು ಅವನಿಗೆ ಹೇಳಿದ್ದೇವೆ. (‘ಬೆಳೆಸಿದ ರೀತಿ ಸರಿಯಿಲ್ಲ’ ಎನ್ನುವ ನೆಂಟರ ಮನೆಗೆ ಹೋಗುವುದನ್ನೂ ಬಿಟ್ಟಿದ್ದೇವೆ, ಅದೊಂದು ನೆಮ್ಮದಿ.) ಹೋದ ಗುರುವಾರ ಅವನೇ ಬಾಗಿಲ ಬಳಿ ನಿಂತು, ‘ಅಪ್ಪಾ, ನಿಮ್ಹಾನ್ಸ್‌ಗೆ ನೀನೂ ಬರುತ್ತೀಯಾ?’ ಎಂದ. ಸೋಮವಾರಕ್ಕೆ ರಜೆ ಹಾಕಿದ್ದೇನೆ.