ಬಳ್ಳಾರಿ-ರಾಯಚೂರಿಗೆ ಸೂರ್ಯಬಲ ಸಾಲದಂತೆ!

ಬೆಳಗಿನ ಆ ಜ್ಯೋತಿಷ್ಯದ ಕಾರ್ಯಕ್ರಮ ನೀವೂ ನೋಡಿರುತ್ತೀರಿ. ಯಾವ ಚಾನೆಲ್ ಅಂತ ಕೇಳಬೇಡಿ, ಎಲ್ಲದರಲ್ಲೂ ಅದೇ ಬರುತ್ತದೆ. ಹೆಗಲ ಮೇಲೆ ರೇಷ್ಮೆ ಶಲ್ಯ, ಮುಂದೆ ಲ್ಯಾಪ್‌ಟಾಪು, ಬೆರಳು ಹತ್ತೇ ಇದ್ದರೂ ಉಂಗುರಗಳು ಅದಕ್ಕಿಂತ ಜಾಸ್ತಿ. ಮೊನ್ನೆ ರಾಯಚೂರಿನಿಂದ ಒಬ್ಬ ಹುಡುಗ ಫೋನ್ ಹಚ್ಚಿದ್ದ. ಡಿಗ್ರಿ ಮುಗಿಸಿ ಮನೆಯಲ್ಲೇ ಕೂತಿದ್ದಾನೆ, ಕೆಲಸ ಇಲ್ಲ. ಗುರುಗಳು ಕೀಬೋರ್ಡ್ ಮೇಲೆ ಏನೋ ಕುಟ್ಟಿ, ಕಣ್ಣು ಮುಚ್ಚಿ ತೆರೆದು ಹೇಳಿದರು: "ನಿಮಗೆ ರವಿಬಲ ಇಲ್ಲ. ಸೂರ್ಯ ಪೂರ್ತಿ ವೀಕ್."

ಸೂರ್ಯ ವೀಕ್. ರಾಯಚೂರಲ್ಲಿ. ಏಪ್ರಿಲ್ ತಿಂಗಳಲ್ಲಿ.

ಬೆಂಗಳೂರಿನ ಏಸಿ ಸ್ಟುಡಿಯೋದಲ್ಲಿ ಕೂತವರಿಗೆ ನಮ್ಮ ಕಡೆಯ ಸೂರ್ಯನ ಪರಿಚಯ ಇರಲಿಕ್ಕಿಲ್ಲ. ಇಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಇದು ನಮ್ಮೂರಿನ ಹಳೇ ಜೋಕು, ಆದರೆ 42 ಡಿಗ್ರಿಯಲ್ಲಿ ಹೊಸ ಜೋಕು ಹುಟ್ಟುವುದಿಲ್ಲ. ಏಪ್ರಿಲ್-ಮೇ ಬಂತೆಂದರೆ ಸರ್ಕಾರವೇ ಸೂರ್ಯನಿಗೆ ಹೆದರಿ ಕಲಬುರಗಿ ವಿಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕಿಸುತ್ತದೆ. ಶಕ್ತಿನಗರದಲ್ಲಿ ಹುಟ್ಟುವ ಕರೆಂಟು ರಾಯಚೂರಿನ ಫ್ಯಾನಿಗೆ ಬರುವಷ್ಟರಲ್ಲಿ ಎಲ್ಲೋ ದಾರಿ ತಪ್ಪಿಸಿಕೊಳ್ಳುತ್ತದೆ. ಜ್ಯೋತಿಷ್ಯದ ಲೆಕ್ಕಕ್ಕೇ ಬನ್ನಿ. ಮೇಷ ರಾಶಿಯಲ್ಲಿ ರವಿ ಉಚ್ಚ, ಅಂದರೆ ಅವನ ಬಲ ತುತ್ತತುದಿಯಲ್ಲಿ. ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ ಆತ ಅಲ್ಲೇ ಇರುತ್ತಾನೆ. ಇದನ್ನು ತಿಳಿಯಲು ಮಾನ್ವಿಯ ರೈತನಿಗೆ ಪಂಚಾಂಗ ಬೇಕಿಲ್ಲ, ಬರಿಗಾಲಲ್ಲಿ ಹೊಲಕ್ಕೆ ಹೋದರೆ ಸಾಕು.

ಇರಲಿ. ಸೂರ್ಯನಿಗೆ ಟಾನಿಕ್ ಏನು? ಮಾಣಿಕ್ಯ. ಐದೂಕಾಲು ರತ್ತಿಯ "ಒರಿಜಿನಲ್ ಬರ್ಮಾ ಮಾಣಿಕ್ಯ", ಮಂತ್ರಿಸಿದ್ದು, ಸರ್ಟಿಫಿಕೇಟ್ ಸಮೇತ, ಕೇವಲ 5,100 ರೂಪಾಯಿ. ಮೊದಲು ಫೋನ್ ಮಾಡಿದವರಿಗೆ ಬೆಳ್ಳಿಯ ಸೂರ್ಯಯಂತ್ರ ಫ್ರೀ.

ಈ ಔದಾರ್ಯ ಅರ್ಥವಾಗಬೇಕಾದರೆ ಮಾಣಿಕ್ಯದ ಮಾರ್ಕೆಟ್ಟು ಸ್ವಲ್ಪ ನೋಡಬೇಕು. ಬರ್ಮಾದ ಮೊಗೋಕ್ ಕಣಿವೆಯ ಕಲ್ಲಿಗೆ ಶತಮಾನಗಳಿಂದ ಒಂದು ಗತ್ತು. 2015ರಲ್ಲಿ ಜಿನೀವಾದಲ್ಲಿ 'ಸನ್‌ರೈಸ್ ರೂಬಿ' ಅನ್ನುವ ಬರ್ಮಾ ಮಾಣಿಕ್ಯ ಹರಾಜಾಯಿತು. ತೂಕ 25.59 ಕ್ಯಾರೆಟ್, ಅಂದರೆ ಐದು ಗ್ರಾಂ ಚಿಲ್ಲರೆ. ಬೆಲೆ ಮೂರು ಕೋಟಿ ಡಾಲರ್ ದಾಟಿತು. 2023ರಲ್ಲಿ ನ್ಯೂಯಾರ್ಕಿನಲ್ಲಿ ಮೊಜಾಂಬಿಕ್‌ನ 55.22 ಕ್ಯಾರೆಟ್ಟಿನ 'ಎಸ್ಟ್ರೇಲಾ ದೆ ಫುರಾ' ಸುಮಾರು ಮೂರೂವರೆ ಕೋಟಿ ಡಾಲರಿಗೆ ಹೋಯಿತು. ಗಾತ್ರ ಎರಡು ಪಟ್ಟಿಗೂ ಜಾಸ್ತಿ, ಬೆಲೆ ಮಾತ್ರ ಚೂರೇ ಮೇಲೆ. ಬರ್ಮಾದ ಹೆಸರಿಗೆ ಅಷ್ಟು ಕಿಮ್ಮತ್ತು. ಮೊದಲನೆಯದರ ದರ ಆಗಿನ ಲೆಕ್ಕದಲ್ಲಿ ಕ್ಯಾರೆಟ್ಟಿಗೆ ಏಳು ಕೋಟಿ ರೂಪಾಯಿಗೂ ಮೇಲೆ. ಗುರುಗಳ ಐದೂಕಾಲು ರತ್ತಿ ಹೆಚ್ಚುಕಮ್ಮಿ ಐದು ಕ್ಯಾರೆಟ್ಟು. ಸಣ್ಣ ಕಲ್ಲಿಗೆ ಆ ದರ ಸಿಗುವುದಿಲ್ಲ ಬಿಡಿ. ನೂರರಲ್ಲಿ ಒಂದು ಪಾಲು ಅಂತ ಹಿಡಿದರೂ 35 ಲಕ್ಷ. ಅದನ್ನು 5,100ಕ್ಕೆ ಕೊಟ್ಟು ಮೇಲೆ ಬೆಳ್ಳಿ ಬೇರೆ! ಇಂಥ ತ್ಯಾಗಿಗಳು ಇನ್ನೂ ಇದ್ದಾರಲ್ಲ ಎಂದು ಕಣ್ಣು ತುಂಬಿ ಬಂತು.

"ಒಂದು ಕಲೆ ಇಲ್ಲ, ಒಂದು ಗೆರೆ ಇಲ್ಲ, ಕನ್ನಡಿ ಕನ್ನಡಿ" ಅಂತ ಕ್ಯಾಮೆರಾಕ್ಕೆ ಹಿಡಿದು ತೋರಿಸಿದರಲ್ಲ, ಅಲ್ಲೇ ಸಿಕ್ಕಿಬಿದ್ದದ್ದು. ಮಾಣಿಕ್ಯ ಗೆರೆ-ಕಲೆ ಇಲ್ಲದೆ ಸಿಗುವುದೇ ಅಪರೂಪ. ಬಲ್ಲವರು ಭೂತಗನ್ನಡಿ ಹಿಡಿದು ಹುಡುಕುವುದು ಒಳಗಿನ ಸೂಜಿಗಳನ್ನೇ. ರೂಟೈಲ್ ಎಂಬ ಖನಿಜದ ಅತಿ ಸಣ್ಣ ಎಳೆಗಳು, ವ್ಯಾಪಾರಸ್ಥರು ಅದನ್ನು ರೇಷ್ಮೆ ಅನ್ನುತ್ತಾರೆ. ಕಲ್ಲನ್ನು ಜೋರಾಗಿ ಕಾಯಿಸಿದರೆ ಆ ರೇಷ್ಮೆ ಕರಗುತ್ತದೆ, ಬಣ್ಣ ತಿಳಿಯಾಗುತ್ತದೆ. ಅದು ಹಾಳಾಗದೆ ಉಳಿದಿದ್ದರೆ ಬೆಂಕಿ ಕಾಣದ ಕಲ್ಲು ಎಂಬುದಕ್ಕೆ ಒಂದು ಗುರುತು. ಪೇಟೆಯಲ್ಲಿರುವ ಬಹುಪಾಲು ಮಾಣಿಕ್ಯ ಕಾಯಿಸಿದವೇ. ಬಾಯಿಬಿಟ್ಟು ಹೇಳಿ ಮಾರಿದರೆ ಅದರಲ್ಲಿ ಮೋಸವೇನಿಲ್ಲ. ಕಾಯಿಸದ ಒಳ್ಳೇ ಕಲ್ಲಿನ ಬೆಲೆ ಮಾತ್ರ ಬೇರೆಯೇ.

ಇನ್ನು ಬಣ್ಣ. ಎಲ್ಲಕ್ಕಿಂತ ಮೇಲಿನ ಕೆಂಪಿಗೆ ಪಾರಿವಾಳದ ರಕ್ತ ಅಂತ ಹೆಸರು. ಯಾವ ಕೆಂಪಿಗೆ ಆ ಹೆಸರು ಕೊಡಬೇಕು ಅನ್ನುವ ಬಗ್ಗೆ ಸ್ವಿಟ್ಜರ್ಲೆಂಡಿನ ಎರಡು ದೊಡ್ಡ ಪ್ರಯೋಗಾಲಯಗಳು, ಗ್ಯೂಬೆಲಿನ್ ಮತ್ತು ಎಸ್‌ಎಸ್‌ಇಎಫ್, 2015ರಲ್ಲಿ ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬರಬೇಕಾಯಿತು. ನಮ್ಮ ಗುರುಗಳು ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿಯೇ ಹೇಳುತ್ತಾರೆ. ಸ್ವಿಸ್ಸರು ವೃಥಾ ಖರ್ಚು ಮಾಡಿಕೊಂಡರು.

ನಮ್ಮ ವಾರ್ಡಿನ ಅಣ್ಣನ ಕತೆ ಹೇಳದಿದ್ದರೆ ತಪ್ಪಾಗುತ್ತದೆ. ಪಾಲಿಕೆ ಟಿಕೆಟ್ಟಿಗೆ ಕಾದು ಕಾದು ಅಣ್ಣನ ಕಟೌಟೇ ಬಿಸಿಲಿಗೆ ಬಿಳಚಿಕೊಂಡಿದೆ. ರವಿ ಅಂದರೆ ರಾಜಯೋಗ ಅಂತ ಯಾರೋ ಹೇಳಿದರು. ಭಾನುವಾರ ಸೂರ್ಯೋದಯಕ್ಕೆ, ಬಲಗೈ ಉಂಗುರ ಬೆರಳಿಗೆ, ಬಂಗಾರದಲ್ಲಿ ಕಟ್ಟಿಸಿದ ಮಾಣಿಕ್ಯ ಏರಿತು. ಅವತ್ತಿನಿಂದ ಅಣ್ಣ ಕೈ ಮುಗಿಯುವ ಶೈಲಿಯೇ ಬದಲಾಯಿತು, ಬೆರಳು ಒಂದಿಷ್ಟು ಮುಂದೆ. ಒಂದು ಹಬ್ಬದ ಹಿಂದಿನ ರಾತ್ರಿ ಮನೆಯವರು ದೇವರ ಸಾಮಾನಿನ ಜೊತೆ ಉಂಗುರವನ್ನೂ ಲಿಂಬೆರಸದಲ್ಲಿ ನೆನೆಹಾಕಿದರು. ಬೆಳಿಗ್ಗೆ ನೋಡಿದರೆ ದೀಪ ಫಳಫಳ, ಮಾಣಿಕ್ಯದ ಮೈತುಂಬ ಬಿಳಿ ಗೀರು. ಅಣ್ಣ ಅಕ್ಕಸಾಲಿ ಆಚಾರ್ರ ಅಂಗಡಿಗೆ ಓಡಿದ. ತಮಾಷೆ ತಪ್ಪಬಾರದೆಂದು ನಾನೂ ಹಿಂದೆ ಹೋದೆ.

ಆಚಾರ್ರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕಲ್ಲನ್ನು ಬೆಳಕಿಗೆ ಹಿಡಿದು ಅತ್ತಿತ್ತ ಆಡಿಸಿದರು. "ನೋಡಣ್ಣ, ಒಳಗ ಗುಳ್ಳಿ ಅದಾವು. ವಾರೆ ಮಾಡಿದ್ರ ನೀಲಿ ಹೊಳಪು ಬರ್ತೈತಿ. ಸೀಸದ ಗಾಜು ಕುಡಿಸ್ಯಾರ. ಬಿರುಕು ಬಿಟ್ಟ ಕಲ್ಲಿಗೆ ಗಾಜು ತುಂಬಿ ಕನ್ನಡಿ ಮಾಡ್ತಾರ. ಹುಳಿ ಬಿದ್ರ ಗಾಜು ತಡಿಯಂಗಿಲ್ಲ."

"ಗಾಜಾ? ಸರ್ಟಿಫಿಕೇಟ್ ಐತಲ್ಲೋ ಮಾರಾಯ!"

"ಓದೀಯೇನಣ್ಣ?"

ಓದಿರಲಿಲ್ಲ. ಲ್ಯಾಮಿನೇಷನ್ ಮಾಡಿಸಿ ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚಿದ್ದ. ಹುಡುಗನನ್ನು ಮನೆಗೆ ಓಡಿಸಿ ತರಿಸಿದೆವು. ಕುಂಕುಮ ಒರೆಸಿದರೆ ಕೆಳಗೆ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ: 'ಟ್ರೀಟ್‌ಮೆಂಟ್: ಗ್ಲಾಸ್ ಫಿಲ್ಡ್'. ಸರ್ಟಿಫಿಕೇಟು ಸುಳ್ಳು ಹೇಳಿರಲಿಲ್ಲ. ಬರ್ಮಾ ಅಂತಲೂ ಎಲ್ಲೂ ಬರೆದಿರಲಿಲ್ಲ, ಅದನ್ನು ಬಾಯಲ್ಲಿ ಹೇಳಿದ್ದರು ಅಷ್ಟೆ.

ಆಚಾರ್ರು ಸಮಾಧಾನ ಹೇಳಿದರು. ಇಂಗ್ಲೆಂಡಿನ ರಾಜಕಿರೀಟದ ನಟ್ಟನಡುವೆ ಕೂತ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಎಂಬ ಬೇರೆ ಕಲ್ಲು. ಅಷ್ಟು ಶತಮಾನ ಅವರೇ ಏಮಾರಿದ ಮೇಲೆ ನಮ್ಮ ವಾರ್ಡು ಯಾವ ಲೆಕ್ಕ. ಅಣ್ಣನಿಗೆ ಇದು ತುಂಬ ಹಿಡಿಸಿತು. ಈಗ ಸಭೆಗಳಲ್ಲಿ ಇಂಗ್ಲೆಂಡಿನ ರಾಜನಿಗೂ ತನಗೂ ಒಂದೇ ಅನ್ಯಾಯ ಆಗಿದೆ ಅನ್ನುತ್ತಾನೆ.

ಹಾಗೆ ನೋಡಿದರೆ ಅಪ್ಪಟ ಮಾಣಿಕ್ಯ ನಮ್ಮ ಮನೆಗಳಲ್ಲೇ ಇತ್ತು. ಅಪ್ಪಂದಿರ ಎಚ್‌ಎಂಟಿ ಗಡಿಯಾರದ ಮೇಲೆ '17 ಜ್ಯುವೆಲ್ಸ್' ಅಂತ ಬರೆದಿರುತ್ತಿತ್ತಲ್ಲ, ಅವು ಮಾಣಿಕ್ಯಗಳೇ, ಚಕ್ರಗಳ ಅಚ್ಚು ಸವೆಯದಿರಲೆಂದು ಕೂರಿಸಿದ, ಕಾರ್ಖಾನೆಯಲ್ಲಿ ಬೆಳೆಸಿದ ಪುಟಾಣಿ ಹರಳುಗಳು. ವೆರ್ನೊಯಿ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1902ರ ಹೊತ್ತಿಗೇ ಜ್ವಾಲೆಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವುದನ್ನು ಜಗತ್ತಿಗೆ ತೋರಿಸಿಬಿಟ್ಟಿದ್ದ. ಭೂಮಿಯೊಳಗಿನದ್ದೂ ಇದೂ ಒಂದೇ ವಸ್ತು, ಅಲ್ಯೂಮಿನಿಯಂ ಆಕ್ಸೈಡ್, ಕೆಂಪಿಗೆ ಚಿಟಿಕೆ ಕ್ರೋಮಿಯಂ. ಒಂದು ಕಲ್ಲಿಗೆ ರಾಜಯೋಗ ಅಂದರೆ, ಎಡಗೈಗೆ ಹದಿನೇಳು ಕಟ್ಟಿಕೊಂಡ ನಮ್ಮಪ್ಪ ಕನಿಷ್ಠ ಸಂಸ್ಥಾನಾಧೀಶನಾಗಬೇಕಿತ್ತು. ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ರಿಟೈರಾದ. ಟೈಮಿಗೆ ಸರಿಯಾಗಿ ಆಫೀಸಿಗೆ ಹೋದ, ಅಷ್ಟೇ ಫಲ.

ಈ ಭಾಗದ ಜನಕ್ಕೆ ಹರಳಿನ ಹುಚ್ಚು ಹೊಸದಲ್ಲ, ಹಂಪಿಯ ಗಾಳಿಯಲ್ಲೇ ಅದು ಇದೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿ ಮುತ್ತು, ಮಾಣಿಕ್ಯ, ವಜ್ರ, ಪಚ್ಚೆಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಾರೆ ಎಂದು ಬರೆದ. ಅವನು ಬರೆದದ್ದು ಇಷ್ಟು. ಬೀದಿಯಲ್ಲಿ ರಾಶಿ ಹಾಕಿ ಸೇರು, ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಅನ್ನುವುದೆಲ್ಲ ನಾವು ಸೇರಿಸಿದ್ದು. ಮಾಣಿಕ್ಯ ಬೆಳೆದದ್ದು ತುಂಗಭದ್ರೆಯ ದಂಡೆಯಲ್ಲಲ್ಲ, ಬರ್ಮಾದ ಪೆಗುವಿನಿಂದ, ಸಿಂಹಳದಿಂದ ಹಡಗು ಹತ್ತಿ ಬಂದದ್ದು, ಬಂದು ಮಾರಾಟವಾಗಿ ಹೋದದ್ದು ಅಂತ ಯಾವ ಗೈಡೂ ಹೇಳುವುದಿಲ್ಲ. ಹೇಳಿದರೆ ಟಿಪ್ಸು ಕಡಿಮೆ. ಪ್ರವಾಸಿ ಕೇಳಿ ಮನೆಗೆ ಹೋಗುತ್ತಾನೆ. ಇನ್ನೊಬ್ಬ ಕೇಳಿ ಹಾರೆ ತರುತ್ತಾನೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ಆದದ್ದು ಅದೇ. ನಡುಗಡ್ಡೆಗೆ ರಾತ್ರೋರಾತ್ರಿ ಹೋಗಿ ವ್ಯಾಸರಾಜರ ಬೃಂದಾವನವನ್ನೇ ಒಡೆದು ಹಾಕಿದರು, ನಿಧಿ ಇದೆಯಂತೆ! ಎಲ್ಲ ಬಿಟ್ಟ ಸನ್ಯಾಸಿಯ ಕೆಳಗೆ ಮಾಣಿಕ್ಯ ಹುಡುಕುವ ಬುದ್ಧಿಗೆ ಯಾವ ಪರೀಕ್ಷಾಲಯದ ಸರ್ಟಿಫಿಕೇಟು ಕೊಡೋಣ? ಭಕ್ತರು ಮತ್ತೆ ಕಟ್ಟಿದರು. ಹೊಲದಲ್ಲಿರುವ ಹೆಸರಿಲ್ಲದ ಎಷ್ಟೋ ಗುಡಿಗಳಿಗೆ ಕಟ್ಟುವ ಭಕ್ತರೂ ಇಲ್ಲ, ನಂದಿಯ ಹೊಟ್ಟೆ ಸೀಳಿಕೊಂಡು ಹಾಗೇ ಬಿದ್ದಿವೆ.

ಇಷ್ಟೆಲ್ಲ ನಕ್ಕು ಮುಗಿಸಬಹುದಿತ್ತು. ಆದರೆ ಅದೇ ಕಾರ್ಯಕ್ರಮಕ್ಕೆ ಮರುವಾರ ದೇವದುರ್ಗದ ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿದರು. "ಗುರುಗಳೇ, ಸೊಸಿಗಿ ಐದು ತಿಂಗಳ್ರಿ. ರಕ್ತ ಏಳೇ ಪಾಯಿಂಟ್ ಅದ ಅಂದಾರ್ರಿ. ಎದ್ದರ ಕಣ್ಣಿಗಿ ಕತ್ತಲಿ ಬರ್ತದ." ಗುರುಗಳು ಕೀಬೋರ್ಡ್ ಕುಟ್ಟಿದರು. ರಕ್ತಕ್ಕೆ ಕಾರಕ ರವಿಯಂತೆ, ಕೆಂಪು ಕಲ್ಲು ಹಾಕಿದರೆ ಕೆಂಪು ರಕ್ತ ಏರುತ್ತದಂತೆ. ಐದೂಕಾಲು ರತ್ತಿ. ಕಂತಿನಲ್ಲೂ ಕೊಡಬಹುದಂತೆ.

ಇಲ್ಲಿ ನನಗೆ ನಗು ಬರಲಿಲ್ಲ. ಹಿಮೋಗ್ಲೋಬಿನ್ ಏಳು ಅಂದರೆ ಏಳು ತಿಂಗಳ ಕಂತು ಕಟ್ಟುತ್ತ ಕೂರುವ ಸಂಗತಿ ಅಲ್ಲ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯುವ ಸಂಗತಿ. ರಕ್ತಕ್ಕೆ ಬೇಕಾದ್ದು ಕಬ್ಬಿಣ. ಮೊಗೋಕ್‌ನ ಶ್ರೇಷ್ಠ ಮಾಣಿಕ್ಯದ ಗುಟ್ಟೇ ಅದರಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ ಇರುವುದು. ಅದಕ್ಕೇ ಅದು ಬಿಸಿಲಿಗೆ ಹಿಡಿದರೆ ಒಳಗಿನಿಂದಲೇ ಕೆಂಡದಂತೆ ನಿಗಿನಿಗಿ ಉರಿಯುವುದು. ಕಬ್ಬಿಣದ ಅಂಶ ಹೆಚ್ಚಾದಷ್ಟು ಆ ಉರಿ ಕುಂದುತ್ತದೆ. ಅಂದರೆ ಕಲ್ಲು ಮೇಲ್ದರ್ಜೆಯದಾದಷ್ಟೂ ಆ ಸೊಸೆಗೆ ಬೇಕಾದ ಪದಾರ್ಥ ಅದರಲ್ಲಿ ಕಡಿಮೆ. ಇದ್ದರೂ ಬೆರಳಿನಿಂದ ರಕ್ತಕ್ಕೆ ಇಳಿಯುವುದಿಲ್ಲ, ಬಿಡಿ. ಪಕ್ಕದ ಸಂಡೂರಿನ ಗುಡ್ಡಗಳನ್ನು ಬಗೆದು ಕಬ್ಬಿಣದ ಅದಿರನ್ನು ಲಾರಿಗಟ್ಟಲೆ ಹಡಗು ಹತ್ತಿಸಿದೆವು. ಪರ್ಮಿಟ್ಟು ಇತ್ತೋ ಇಲ್ಲವೋ ಅನ್ನುವುದು 2011ರ ಲೋಕಾಯುಕ್ತ ವರದಿಯಲ್ಲಿದೆ, ಓದಿಲ್ಲದವರೂ ಬಲ್ಲರು. ಅಷ್ಟು ಕಬ್ಬಿಣ ಕಳಿಸಿದ ಸೀಮೆಯ ಬಸುರಿ ಹೆಂಗಸಿನ ಮೈಯಲ್ಲಿ ಕಬ್ಬಿಣ ಇಲ್ಲ, ಅವಳಿಗೆ ಗಾಜು ತುಂಬಿದ ಕಲ್ಲು ಮಾರುತ್ತಾರೆ. ನಾಚಿಕೆಯಾಗಬೇಕು. ಮಾರುವವರಿಗೆ, ಆ ಹೊತ್ತನ್ನು ಬಾಡಿಗೆಗೆ ಕೊಡುವವರಿಗೆ, 'ನಂಬಿಕೆ ವಿಚಾರ, ನಮಗ್ಯಾಕೆ' ಅನ್ನುವ ಅಧಿಕಾರಿಗಳಿಗೆ.

ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯ ಬಣ್ಣವೂ ಕೆಂಪೇ. ಆಶಾ ಕಾರ್ಯಕರ್ತೆ ಮನೆಗೇ ತಂದು ಕೊಡುತ್ತಾಳೆ, ದುಡ್ಡಿಲ್ಲ. ನುಂಗಿದರೆ ವಾಕರಿಕೆ ಬರಬಹುದು, ಮಲ ಕಪ್ಪಗಾಗುತ್ತದೆ. ಹೆದರಿ ಎಷ್ಟೋ ಜನ ಅರ್ಧಕ್ಕೇ ಬಿಡುತ್ತಾರೆ. ಚಹಾ ಜೊತೆ ನುಂಗಬಾರದು, ಲಿಂಬೆ ಪಾನಕದ ಜೊತೆ ನುಂಗಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ ಅಂತ ಯಾರಾದರೂ ಕೂತು ಹೇಳಬೇಕು. ಮಾತ್ರೆಗೂ ಮಣಿಯದಷ್ಟು ಕಡಿಮೆ ಇದ್ದರೆ ತಾಲೂಕು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆ.

ನನಗೆ ಗೊತ್ತಿರುವ ಹುಡುಗನೊಬ್ಬ ಇಂಥದ್ದೇ ಒಂದು ಚಾನೆಲ್ಲಿನ ಜಾಹೀರಾತು ವಿಭಾಗದಲ್ಲಿದ್ದಾನೆ. ಗುರುಗಳ ನಂಬರು ಓಡುವ ಪಟ್ಟಿಯಲ್ಲೇ ದಿನಕ್ಕೊಮ್ಮೆ ಆರೋಗ್ಯ ಸಹಾಯವಾಣಿ 104 ಅಂತಲೂ ಓಡಿಸಬಹುದಲ್ಲಪ್ಪ ಅಂದೆ. ಒಳ್ಳೇ ಐಡಿಯಾ ಸಾರ್ ಅಂದ, ಆ ಸ್ಲಾಟಿನ ರೇಟ್ ಕಾರ್ಡ್ ನನ್ನ ಮೊಬೈಲಿಗೆ ಕಳಿಸಿದ.