ಅಧ್ಯಕ್ಷರಿಗೆ ಎರಡು ನಕ್ಷತ್ರ

ನಮ್ಮ ಬಡಾವಣೆಯ ಕನ್ನಡ ಸಂಘದ ರಾಜ್ಯೋತ್ಸವದ ಆಹ್ವಾನಪತ್ರಿಕೆ ಐನೂರು ಪ್ರತಿ ಅಚ್ಚಾಗಿ ಬಂದಿತ್ತು. ಅರಿಶಿನ ಕುಂಕುಮದ ಬಣ್ಣ, ಮೇಲೆ ಭುವನೇಶ್ವರಿ, ಕೆಳಗೆ ‘ಸರ್ವರಿಗೂ ಆದರದ ಸುಸ್ವಾಗತ’. ಎಲ್ಲ ಸರಿಯಾಗಿದೆ ಎಂದು ಖಜಾಂಚಿಯವರು ಲಕೋಟೆಗಳಿಗೆ ಅಂಟು ಹಚ್ಚುತ್ತಿರುವಾಗ ಅವರ ಮೊಮ್ಮಗಳು, ‘ತಾತ, ಅಧ್ಯಕ್ಷರ ಹೆಸರಿನ ಎರಡೂ ಕಡೆ ನಕ್ಷತ್ರ ಯಾಕೆ?’ ಎಂದು ಕೇಳಿದಳು.

ನೋಡಿದರೆ ಹೌದು. ಹೆಸರಿನ ಹಿಂದೆ ಎರಡು, ಮುಂದೆ ಎರಡು. ಉದ್ಘಾಟಕರಿಗೂ ಇತ್ತು, ಮುಖ್ಯ ಅತಿಥಿಗಳಿಗೂ ಇತ್ತು. ದಿನಾಂಕಕ್ಕೆ, ಸ್ಥಳಕ್ಕೆ, ಕೊನೆಗೆ ಲಘು ಉಪಾಹಾರಕ್ಕೂ ಇತ್ತು. ಇಲ್ಲದೆ ಹೋದದ್ದು ವಂದನಾರ್ಪಣೆ ಮಾಡಬೇಕಿದ್ದ ಉಪಾಧ್ಯಕ್ಷರೊಬ್ಬರಿಗೆ ಮಾತ್ರ. ಉಪ್ಪಿಟ್ಟಿಗೆ ಸಿಕ್ಕ ಗೌರವ ತಮಗೆ ಸಿಗಲಿಲ್ಲವೆಂದು ಅವರು ಅಂದು ರಾತ್ರಿಯೇ ರಾಜೀನಾಮೆ ಕಳುಹಿಸಿದರು. ರಾಜೀನಾಮೆ ಪತ್ರದಲ್ಲಿಯೂ ನಕ್ಷತ್ರಗಳಿದ್ದವು.

ನಾನು ಮೂವತ್ತು ವರ್ಷ ಕರಡು ತಿದ್ದಿ ಹೊಟ್ಟೆ ಹೊರೆದವನು. ಸಂಘದ ಕಚೇರಿಯಿಂದ ಮೂರನೆಯ ಮನೆಯಲ್ಲಿಯೇ ಇದ್ದೇನೆ. ಅಚ್ಚಿಗೆ ಹೋಗುವ ಮುನ್ನ ನನಗೆ ಒಂದು ಸಲ ತೋರಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಇರಲಿ. ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಒಂದು ಪದ ದಪ್ಪ ಅಕ್ಷರದಲ್ಲಿ ಬರಬೇಕಾದರೆ ಅದರ ಕೆಳಗೆ ಅಲೆಯಂಥ ಗೆರೆ ಎಳೆಯುತ್ತಿದ್ದೆವು. ಮೊಳೆ ಜೋಡಿಸುವ ಕಂಪೋಸಿಟರ್ ಅದನ್ನು ನೋಡಿ ದಪ್ಪ ಮೊಳೆ ಎತ್ತಿಕೊಳ್ಳುತ್ತಿದ್ದ, ಗೆರೆಯನ್ನೇ ಅಚ್ಚು ಹಾಕುತ್ತಿರಲಿಲ್ಲ. ಲಗ್ನಪತ್ರಿಕೆಯ ಹಸ್ತಪ್ರತಿಯ ಅಂಚಿನಲ್ಲಿ ‘ವರನ ಹೆಸರು ಸ್ವಲ್ಪ ದೊಡ್ಡದಾಗಿರಲಿ’ ಎಂದು ಬರೆದುಕೊಟ್ಟರೆ ವರನ ಹೆಸರು ದೊಡ್ಡದಾಗಿ ಬರುತ್ತಿತ್ತೇ ಹೊರತು ಆ ಮಾತು ಬರುತ್ತಿರಲಿಲ್ಲ. ಬರೆಹ ಯಾವುದು, ಬರೆಹಕ್ಕೆ ಕೊಟ್ಟ ಸೂಚನೆ ಯಾವುದು ಎಂಬುದು ಏಳನೆಯ ತರಗತಿಯವರೆಗೆ ಓದಿದ್ದ ಆ ಮನುಷ್ಯನಿಗೆ ಗೊತ್ತಿತ್ತು.

ಈ ನಕ್ಷತ್ರವೂ ಅಂಥದ್ದೇ ಒಂದು ಸೂಚನೆ. 2004ರಲ್ಲಿ ಅಮೆರಿಕದ ಲೇಖಕ ಜಾನ್ ಗ್ರೂಬರ್, ಆಗಿನ್ನೂ ಹದಿನೇಳು ವರ್ಷದವರಾಗಿದ್ದ ಆರನ್ ಸ್ವಾರ್ಟ್ಜ್ ಅವರ ನೆರವಿನಿಂದ, ಮಾರ್ಕ್‌ಡೌನ್ ಎಂಬ ಬರೆವಣಿಗೆಯ ಕ್ರಮವೊಂದನ್ನು ಹೊರತಂದರು. ಜಾಲಪುಟ ಕಟ್ಟುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನ ಮುಳ್ಳುಬೇಲಿ ದಾಟುವುದು ಬೇಡ. ಜನ ಇಮೇಲಿನಲ್ಲಿ ಒತ್ತು ಕೊಡಲು ಮೊದಲಿನಿಂದಲೂ ಹಾಕುತ್ತಿದ್ದ ಗುರುತುಗಳನ್ನೇ ಹಾಕಿ ಬರೆಯಲಿ, ಪುಟ್ಟ ತಂತ್ರಾಂಶವೊಂದು ಮಿಕ್ಕದ್ದನ್ನು ನೋಡಿಕೊಳ್ಳಲಿ ಎಂಬುದು ಅದರ ಸಾರ. ಪದದ ಆಚೀಚೆ ಒಂದೊಂದು ನಕ್ಷತ್ರವಿದ್ದರೆ ಓರೆ ಅಕ್ಷರ, ಎರಡೆರಡಿದ್ದರೆ ದಪ್ಪ ಅಕ್ಷರ. (ಆ ಚಿಹ್ನೆಯನ್ನು ಇಲ್ಲಿ ಬರೆದು ತೋರಿಸುತ್ತಿಲ್ಲ. ತೋರಿಸಿದರೆ ಈ ಲೇಖನವೇ ಎಲ್ಲಿ ದಪ್ಪಗಾಗಿಬಿಡುತ್ತದೋ ಎಂಬ ಭಯ.) ಪರಿವರ್ತಿಸದೆ ಇದ್ದದ್ದನ್ನು ಇದ್ದ ಹಾಗೆ ಪ್ರಕಟಿಸಿದರೂ ಓದಲು ಬರುವಂತಿರಬೇಕು ಎಂಬುದು ಗ್ರೂಬರ್ ಅವರ ಆಸೆಯಾಗಿತ್ತು. ಅದನ್ನು ನಮ್ಮ ಸಂಘ ಐನೂರು ಪ್ರತಿಗಳಲ್ಲಿ ಈಡೇರಿಸಿದೆ.

ಆದದ್ದು ಇಷ್ಟು. ಕಾರ್ಯದರ್ಶಿಯವರು ಆಹ್ವಾನಪತ್ರಿಕೆ ಬರೆದುಕೊಡೆಂದು ಮೊಬೈಲಿನ ಕೃತಕ ಬುದ್ಧಿಯನ್ನು ಕೇಳಿದರು. ಅದರ ಮನೆಮಾತೇ ಮಾರ್ಕ್‌ಡೌನ್. ಅದು ನಕ್ಷತ್ರ ಹಾಕಿ ಕೊಟ್ಟಿತು. ಕಾರ್ಯದರ್ಶಿಯವರು ಓದದೆ ಡಿಟಿಪಿ ಅಂಗಡಿಗೆ ಕಳುಹಿಸಿದರು. ಅಂಗಡಿಯ ಹುಡುಗ ಓದದೆ ಮೊಬೈಲಿನ ಯೂನಿಕೋಡ್ ಅಕ್ಷರದಿಂದ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸಿದ. ಆ ಪರಿವರ್ತನೆಯಲ್ಲಿ ಅರ್ಕಾವತ್ತುಗಳು ಸ್ಥಳಾಂತರಗೊಂಡವು, ಎರಡು ಒತ್ತಕ್ಷರಗಳು ಕಾಣೆಯಾದವು. ನಕ್ಷತ್ರಗಳು ಮಾತ್ರ ಕ್ಷೇಮವಾಗಿ ದಡ ಸೇರಿದವು. ಅಧ್ಯಕ್ಷರು ಕರಡನ್ನು ನೋಡಿದರು. ಅವರು ತಮ್ಮ ಹೆಸರನ್ನು ಮಾತ್ರ ಓದುತ್ತಾರೆ. ಅದು ಮಿನುಗುತ್ತಿತ್ತು. ಸಹಿ ಹಾಕಿದರು.

ಮರುದಿನ ಮುಖ್ಯ ಅತಿಥಿಗಳ ದೂರವಾಣಿ ಕರೆ ಬಂತು. ಅವರು ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ‘ನಮ್ಮ ಇಲಾಖೆಯಲ್ಲಿ ಎರಡು ನಕ್ಷತ್ರ ಸಬ್ ಇನ್ಸ್‌ಪೆಕ್ಟರಿಗೆ. ಮೂರನೆಯದು ಹೆಗಲಿಗೇರಲು ನಾನು ಹನ್ನೊಂದು ವರ್ಷ ಕಾದಿದ್ದೇನೆ. ನೀವು ಒಂದು ಕಾಗದದಲ್ಲಿ ಹಿಂಬಡ್ತಿ ಕೊಟ್ಟುಬಿಟ್ಟಿರಿ’ ಎಂದು ನೊಂದುಕೊಂಡರು. ಮಾರ್ಕ್‌ಡೌನಿನಲ್ಲಿ ಮೂರು ನಕ್ಷತ್ರಕ್ಕೂ ಅವಕಾಶವಿದೆ. ಹಾಕಿದರೆ ಹೆಸರು ದಪ್ಪಗೂ ಆಗುತ್ತದೆ, ಓರೆಯಾಗಿಯೂ ನಿಲ್ಲುತ್ತದೆ. ಕಾರ್ಯಕ್ರಮದ ದಿನ ಅವರು ವೇದಿಕೆಯ ಕುರ್ಚಿಯಲ್ಲಿ ಕುಳಿತಿದ್ದ ಭಂಗಿಯನ್ನು ನೋಡಿದಾಗ ಆ ಮೂರನೆಯ ನಕ್ಷತ್ರ ಹಾಕಬೇಕಿತ್ತು ಎಂದು ನನಗೂ ಅನ್ನಿಸಿತು.

ತುರ್ತು ಸಭೆ ಕರೆದರು. ವಿಷಯ ತಿಳಿದವನೆಂದು ನನ್ನನ್ನೂ ಕರೆದರು, ಅಚ್ಚಾದ ಮೇಲೆ. ‘ಇದು ಗೌರವದ ಚಿಹ್ನೆಯಲ್ಲ’ ಎಂದು ನಾನು ಹೇಳಿದಾಗ ಅಧ್ಯಕ್ಷರ ಮುಖ ಬಾಡಿತು. ಸಮಾಧಾನಕ್ಕೆಂದು ಹ್ಯಾಶ್ ಚಿಹ್ನೆಯ ವಿಷಯ ಎತ್ತಿದೆ, ಅದೇ ತಪ್ಪಾಯಿತು. ಸಾಲಿನ ಆರಂಭದಲ್ಲಿ ಒಂದು ಹ್ಯಾಶ್ ಹಾಕಿ ಜಾಗ ಬಿಟ್ಟು ಬರೆದರೆ ಅತಿ ದೊಡ್ಡ ಶೀರ್ಷಿಕೆ. ಎರಡು ಹಾಕಿದರೆ ಅದಕ್ಕಿಂತ ಚಿಕ್ಕದು. ಹೀಗೆ ಇಳಿಯುತ್ತಾ ಆರಕ್ಕೆ ಬಂದರೆ ಅತಿ ಚಿಕ್ಕದು. ಏಳು ಹಾಕಿದರೆ ಯಂತ್ರ ಅದನ್ನು ಶೀರ್ಷಿಕೆಯೆಂದೇ ಪರಿಗಣಿಸುವುದಿಲ್ಲ, ಸಾಮಾನ್ಯ ಸಾಲಿನ ಜೊತೆ ಕೂರಿಸುತ್ತದೆ. ಹೆಚ್ಚಿದ್ದಷ್ಟೂ ಚಿಕ್ಕವರಾಗುವ ಈ ಪದ್ಧತಿ ಕರ್ನಾಟಕದ ಯಾವ ಸಂಘದ ಬೈಲಾದಲ್ಲಿಯೂ ಇರಲಾರದು. ಅಧ್ಯಕ್ಷರು ‘ಆರು’ ಎಂಬಲ್ಲಿಯವರೆಗೆ ಕೇಳಿಸಿಕೊಂಡು ಎದ್ದು ಹೋದರು, ಅವರಿಗೆ ಬೇರೊಂದು ಸನ್ಮಾನವಿತ್ತು.

ಕಾರ್ಯದರ್ಶಿಯವರದು ಬೇರೆ ತಕರಾರು. ವಾಟ್ಸ್‌ಆಪ್‌ನಲ್ಲಿ ಒಂದೇ ನಕ್ಷತ್ರಕ್ಕೆ ಅಕ್ಷರ ದಪ್ಪಗಾಗುತ್ತದಲ್ಲ ಎಂದರು. ಆಗುತ್ತದೆ. ಸ್ಮಾರ್ತರಿಗೊಂದು ದಿನ, ವೈಷ್ಣವರಿಗೊಂದು ದಿನ ಎಂದು ಪಂಚಾಂಗದಲ್ಲಿ ಏಕಾದಶಿ ಬರುವುದಿಲ್ಲವೇ, ಹಾಗೆ. ತಂತ್ರಾಂಶ ಬರೆಯುವವರ ತಾಣ ಗಿಟ್‌ಹಬ್‌ನದು ಒಂದು ಮತ, ಕಚೇರಿಗಳ ಸಂದೇಶ ಸಾಧನ ಸ್ಲ್ಯಾಕ್‌ನದು ಇನ್ನೊಂದು. ಎಲ್ಲರನ್ನೂ ಒಂದು ಮಾಡುತ್ತೇವೆಂದು 2014ರಲ್ಲಿ ಕೆಲವರು ಹೊರಟು ತಮ್ಮ ನಿಯಮಾವಳಿಗೆ ‘ಸ್ಟ್ಯಾಂಡರ್ಡ್ ಮಾರ್ಕ್‌ಡೌನ್’ ಎಂದು ನಾಮಕರಣ ಮಾಡಿದರು. ಗ್ರೂಬರ್ ಆ ಹೆಸರನ್ನು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಅದು ‘ಕಾಮನ್‌ಮಾರ್ಕ್’ ಆಯಿತು. ಒತ್ತು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದೊಂದಕ್ಕೇ ಅದರಲ್ಲಿ ಹದಿನೇಳು ನಿಯಮಗಳಿವೆ. ಅದನ್ನು ಬರೆದವರಲ್ಲಿ ಪ್ರಮುಖರಾದ ಜಾನ್ ಮ್ಯಾಕ್‌ಫಾರ್ಲೇನ್ ಬರ್ಕ್ಲಿ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ನಕ್ಷತ್ರ ಎಣಿಸುವ ಕೆಲಸಕ್ಕೆ ತತ್ತ್ವಶಾಸ್ತ್ರವೇ ಬೇಕಾಯಿತು ನೋಡಿ.

ಒಂದು ನಿಯಮವನ್ನು ಮಾತ್ರ ಸಭೆ ತಕ್ಷಣ ಅರ್ಥ ಮಾಡಿಕೊಂಡಿತು. ಮಾರ್ಕ್‌ಡೌನಿನಲ್ಲಿ ಎಂಟರ್ ಒತ್ತಿದ ಮಾತ್ರಕ್ಕೆ ಹೊಸ ಸಾಲು ಬರುವುದಿಲ್ಲ. ಸಾಲಿನ ಕೊನೆಯಲ್ಲಿ, ಯಾರ ಕಣ್ಣಿಗೂ ಕಾಣದಂತೆ, ಎರಡು ಖಾಲಿ ಜಾಗ ಇಡಬೇಕು. ಇಟ್ಟರೆ ಮುಂದೆ ಹೋಗುತ್ತದೆ, ಇಡದಿದ್ದರೆ ಅಲ್ಲಿಯೇ ನಿಲ್ಲುತ್ತದೆ. ‘ಗೊತ್ತಾಯಿತು, ಗೊತ್ತಾಯಿತು’ ಎಂದರು, ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದ ನಮ್ಮ ಖಜಾಂಚಿ.

ನನಗೆ ನಗು ಬರುವುದು ಈ ಮಾರ್ಕ್‌ಡೌನ್ ಕನ್ನಡಕ್ಕೆ ಬಂದು ಪಡುವ ಪಾಡನ್ನು ಕಂಡಾಗ. ಕಾರ್ಯಸೂಚಿಗೆ ನೀವು ಕನ್ನಡ ಅಂಕಿಯಲ್ಲಿ ೧, ೨, ೩ ಎಂದು ಹಾಕಿದರೆ ಅದಕ್ಕೆ ಪಟ್ಟಿಯೆಂದೇ ತಿಳಿಯುವುದಿಲ್ಲ. ಅದೇ 1, 7, 4 ಎಂದು ಬಾಯಿಗೆ ಬಂದಂತೆ ಹಾಕಿ, ತಾನೇ 1, 2, 3 ಎಂದು ಸರಿಪಡಿಸಿಕೊಳ್ಳುತ್ತದೆ. ನಮ್ಮ ವಿಭಕ್ತಿಗಳು ಪದಕ್ಕೆ ಅಂಟಿಕೊಂಡಿರುತ್ತವೆ. ಉದ್ಧರಣ ಚಿಹ್ನೆಯೊಳಗಿನ ಪದವನ್ನು ನಕ್ಷತ್ರದೊಳಗಿಟ್ಟು ಅದರ ಬೆನ್ನಿಗೆ ‘ವನ್ನು’ ಎಂದೋ ‘ದಲ್ಲಿ’ ಎಂದೋ ಹಚ್ಚಿದರೆ, ಆ ಹದಿನೇಳು ನಿಯಮಗಳ ಪ್ರಕಾರ ಒತ್ತು ಮುಗಿಯುವುದೇ ಇಲ್ಲ. ನಕ್ಷತ್ರಗಳು ಬೀದಿಪಾಲಾಗಿ ಅಲ್ಲಿಯೇ ನಿಂತಿರುತ್ತವೆ. ಇನ್ನು ಓರೆ ಅಕ್ಷರ. ಕನ್ನಡದ ಹೆಚ್ಚಿನ ಅಕ್ಷರಶೈಲಿಗಳಿಗೆ ಓರೆಯೆಂಬುದೇ ಇಲ್ಲ. ಪರದೆ ಅವುಗಳನ್ನು ಹಿಡಿದು ಒಂದು ಪಕ್ಕಕ್ಕೆ ತಳ್ಳುತ್ತದೆ, ನೂಕುನುಗ್ಗಲಿನ ಬಸ್ಸಿನಲ್ಲಿ ಕಂಬಿ ಸಿಗದವರ ಹಾಗೆ ಅವು ವಾಲಿಕೊಂಡು ಪ್ರಯಾಣ ಮಾಡುತ್ತವೆ.

ಒತ್ತು ಕೊಡಲು ನಮ್ಮಲ್ಲಿ ಏನೂ ಇರಲಿಲ್ಲವೇ? ಪ್ರೌಢಶಾಲೆಯಲ್ಲಿ ಅವಧಾರಣಾರ್ಥಕ ಅವ್ಯಯ ಎಂದು ಬಾಯಿಪಾಠ ಮಾಡಿಸಿದ್ದರು. ‘ಅವನೇ’, ‘ನಾನೇ’, ‘ಬಂದೇ ಬರುತ್ತೇನೆ’. ಒಂದು ಏಕಾರ. ಅದು ನುಡಿಯಲ್ಲಿ, ಯೂನಿಕೋಡಿನಲ್ಲಿ, ಗೋಡೆಯ ಮೇಲೆ, ಫೋನಿನಲ್ಲಿ, ಎಲ್ಲ ಕಡೆಯೂ ದಪ್ಪಗೇ ಕೇಳಿಸುತ್ತದೆ. ಇದನ್ನು ಹೇಳಿದಾಗ ಕಾರ್ಯದರ್ಶಿಯವರು, ‘ಅಂದರೆ ಅಧ್ಯಕ್ಷತೆ ಶ್ರೀ ಇಂಥವರೇ ಎಂದು ಹಾಕೋಣವೇ?’ ಎಂದರು. ಉದ್ಘಾಟಕರಿಗೆ ಅದು ಅನುಮಾನದಂತೆ ಕಾಣಬಹುದು ಎಂದು ಕೈಬಿಟ್ಟರು.

ನವೆಂಬರ್ 1 ಬಂತು. ಧ್ವಜಾರೋಹಣ, ನಾಡಗೀತೆ ಆಯಿತು. ಅಧ್ಯಕ್ಷರು ಭಾಷಣದ ಹಾಳೆಗಳನ್ನು ಹಿಡಿದು ಧ್ವನಿವರ್ಧಕದ ಮುಂದೆ ನಿಂತರು. ಅವರು ಎದುರಿಗಿದ್ದುದನ್ನು ಒಂದಕ್ಷರವೂ ಬಿಡದೆ ಓದುವ ಪ್ರಾಮಾಣಿಕರು. ‘ಹ್ಯಾಶ್ ಹ್ಯಾಶ್ ಪೀಠಿಕೆ’ ಎಂದು ಆರಂಭಿಸಿದರು. ಸಭೆ ಗಂಭೀರವಾಗಿ ಕೇಳಿತು, ಸಂಸ್ಕೃತವಿರಬೇಕು ಎಂದುಕೊಂಡಿತು. ‘ಸ್ಟಾರ್ ಸ್ಟಾರ್ ಕನ್ನಡಾಂಬೆಯ ಸ್ಟಾರ್ ಸ್ಟಾರ್ ಮಕ್ಕಳಾದ ನಾವು’ ಎಂದಾಗ ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು. ಅದು ಅಭಿಮಾನವೆಂದು ಭಾವಿಸಿ ಅಧ್ಯಕ್ಷರು ಮುಂದಿನ ಸ್ಟಾರ್‌ಗಳನ್ನು ಇನ್ನೂ ಗಟ್ಟಿಯಾಗಿ ಹೇಳಿದರು. ಹಲ್ಮಿಡಿ ಶಾಸನ ಹೋಯಿತು, ಏಕೀಕರಣ ಹೋಯಿತು, 1973ರ ಹೊಸ ಹೆಸರೂ ಹೋಯಿತು, ಎಲ್ಲವೂ ನಕ್ಷತ್ರಗಳ ನಡುವೆ. ನಲವತ್ತು ನಿಮಿಷದ ನಂತರ ಕೊನೆಯ ಹಾಳೆಗೆ ಬಂದು ಧ್ವನಿ ಎತ್ತರಿಸಿ ಓದಿದರು: ‘ಈ ಭಾಷಣವನ್ನು ಇನ್ನೂ ಚಿಕ್ಕದಾಗಿ ಮಾಡಿಕೊಡಬೇಕೇ?’

‘ಬೇಕು!’ ಎಂದಿತು ಸಭೆ, ಒಕ್ಕೊರಲಿನಿಂದ. ಚಪ್ಪಾಳೆ ನಿಲ್ಲಲು ಎರಡು ನಿಮಿಷ ಹಿಡಿಯಿತು.

ಮುಂದಿನ ವರ್ಷದ ಆಹ್ವಾನಪತ್ರಿಕೆಯ ಕರಡು ಈಗ ನನ್ನ ಮೇಜಿನ ಮೇಲಿದೆ; ಈ ಸಲ ಮೊದಲೇ ತೋರಿಸಿದ್ದಾರೆ. ಇನ್ಸ್‌ಪೆಕ್ಟರಿಗೆ ಮೂರು ನಕ್ಷತ್ರ ಹಾಕಿದ್ದೇನೆ. ಉಪಾಧ್ಯಕ್ಷರು ರಾಜೀನಾಮೆ ಹಿಂಪಡೆದಿದ್ದಾರೆ, ಅವರಿಗೆ ಎರಡು. ಅಧ್ಯಕ್ಷರು ಖುದ್ದಾಗಿ ಮನೆಗೆ ಬಂದು, ಕಾಫಿ ಕುಡಿದು, ‘ಅಂದು ಹೇಳಿದಿರಲ್ಲ ಆ ಹ್ಯಾಶ್, ಅದು ಆರರವರೆಗೆ ಇದೆಯಲ್ಲವೇ? ನನಗೆ ಅದಕ್ಕಿಂತ ಒಂದು ಹೆಚ್ಚಿಗೆ ಇರಲಿ’ ಎಂದರು.

ಏಳು ಹಾಕಿಕೊಟ್ಟೆ. ಎಣಿಸಿ ನೋಡಿ ಸಹಿ ಹಾಕಿದರು.