ಹೋಲ್ಸ್ಟರ್ ಕೊಳ್ಳುವವರು ಮೊದಲು ಕಾರಿನಲ್ಲಿ ಕೂತು ನೋಡಿ

ಟೆಕ್ಸಾಸ್‌ನಲ್ಲಿ ನೆಲೆಸಿದ ನಮ್ಮವರಲ್ಲಿ ಪಿಸ್ತೂಲು ಕೊಳ್ಳುವವರು ಈಗ ಅಪರೂಪವೇನಲ್ಲ. ಯಾವ ಪಿಸ್ತೂಲು ಅಂತ ತಿಂಗಳುಗಟ್ಟಲೆ ಚರ್ಚೆ ನಡೆಸುತ್ತಾರೆ, ಶೂಟಿಂಗ್ ರೇಂಜಿಗೆ ಹೋಗಿ ನಾಲ್ಕಾರು ಬಗೆಯದ್ದು ಹೊಡೆದು ನೋಡುತ್ತಾರೆ. ಹೋಲ್ಸ್ಟರ್, ಅಂದರೆ ಪಿಸ್ತೂಲನ್ನು ಮೈಮೇಲೆ ಇಟ್ಟುಕೊಳ್ಳುವ ಒರೆ, ಅದರ ವಿಷಯ ಬಂದಾಗ ಮಾತ್ರ ಕೌಂಟರ್ ಪಕ್ಕದಲ್ಲಿ ನೇತುಹಾಕಿದ್ದರಲ್ಲಿ ಅಗ್ಗದ್ದೊಂದನ್ನು ಎತ್ತಿಕೊಂಡು ಬರುತ್ತಾರೆ. ಆಮೇಲೆ ಒಂದು ದಿನ ಐ-10 ಹೆದ್ದಾರಿ ಹಿಡಿದು ಹ್ಯೂಸ್ಟನ್‌ನಿಂದ ಎಲ್ ಪಾಸೋ ಕಡೆಗೆ ಹೊರಡುತ್ತಾರೆ. ಸುಮಾರು 1,200 ಕಿಲೋಮೀಟರ್ ದಾರಿ, ಅಷ್ಟೂ ಒಂದೇ ರಾಜ್ಯದೊಳಗೆ. ಸ್ಯಾನ್ ಆಂಟೋನಿಯೋ ದಾಟುವ ಹೊತ್ತಿಗೆ ಸೊಂಟ ಚುಚ್ಚತೊಡಗುತ್ತದೆ, ಪಿಸ್ತೂಲನ್ನು ಹೊರಗೆಳೆದು ಕಪ್ ಹೋಲ್ಡರಿನಲ್ಲೋ ಸೀಟಿನ ಸಂದಿಯಲ್ಲೋ ಇಟ್ಟುಬಿಡುತ್ತಾರೆ.

ನನಗೆ ಭಯ ಆಗುವುದು ಇದನ್ನು ನೋಡಿದಾಗಲೇ. ಗುಂಡು ತುಂಬಿದೆ, ಟ್ರಿಗರ್ ಬಯಲಾಗಿದೆ, ಕಾರು ಗಂಟೆಗೆ 80 ಮೈಲಿ ವೇಗದಲ್ಲಿ ಓಡುತ್ತಿದೆ, ಹಿಂದಿನ ಸೀಟಿನಲ್ಲಿ ಮಕ್ಕಳಿದ್ದಾರೆ. ಸಡನ್ನಾಗಿ ಬ್ರೇಕ್ ಹಾಕಿದರೆ ಅದು ಎಲ್ಲಿಗೆ ಜಾರುತ್ತದೆ, ಬಾಯಿ ಯಾರ ಕಡೆ ತಿರುಗುತ್ತದೆ, ಯಾರು ಬಲ್ಲರು? ಕಾನೂನಿನ ಪ್ರಕಾರವೂ ಇದು ತಪ್ಪು. ಟೆಕ್ಸಾಸ್‌ನಲ್ಲಿ ಕಾರಿನೊಳಗೆ ಪಿಸ್ತೂಲು ಕಣ್ಣಿಗೆ ಕಾಣುವಂತೆ ಇದ್ದರೆ ಅದು ಹೋಲ್ಸ್ಟರಿನಲ್ಲೇ ಇರಬೇಕು.

ಅದಕ್ಕೇ ಹೇಳುವುದು, ಹೋಲ್ಸ್ಟರ್ ಹಿತವಾಗಿರಬೇಕು ಅನ್ನುವುದು ಶೋಕಿಯ ಮಾತಲ್ಲ. ಮೈಮೇಲೆ ಹಿತವಾಗಿದ್ದರೆ ಮಾತ್ರ ಅದನ್ನು ಮುಟ್ಟದೆ ಬಿಡುತ್ತೀರಿ. ಚುಚ್ಚಿದರೆ ಮುಟ್ಟುತ್ತೀರಿ, ಸರಿಸುತ್ತೀರಿ, ಕೊನೆಗೆ ಹೊರಗೆ ತೆಗೆಯುತ್ತೀರಿ. ಅನಾಹುತ ಶುರುವಾಗುವುದೇ ಅಲ್ಲಿಂದ.

ಮುಂದೆ ಹೋಗುವ ಮೊದಲು ಒಂದು ಮಾತು. ಎಚ್-1ಬಿ ಥರದ ವೀಸಾದಲ್ಲಿ ಇರುವವರಿಗೆ ಇಲ್ಲಿ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಹಂಟಿಂಗ್ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ ನಿಜ, ಆದರೆ ವಕೀಲರನ್ನು ಕೇಳದೆ ಅವನ್ನು ನೆಚ್ಚಿಕೊಳ್ಳಬೇಡಿ. ಪಕ್ಕದ ಮನೆಯವನು ಇಟ್ಟುಕೊಂಡಿದ್ದಾನೆ ಅಂತ ನೀವೂ ಕೊಂಡರೆ ನೌಕರಿ, ವೀಸಾ, ಇಲ್ಲಿನ ಬದುಕು ಎಲ್ಲಾ ಒಟ್ಟಿಗೆ ಹೋಗುತ್ತದೆ. ಗ್ರೀನ್ ಕಾರ್ಡ್ ಇದ್ದವರ ಕಥೆ ಬೇರೆ. 2021ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ 21 ವರ್ಷ ದಾಟಿದವರು, ಕಾನೂನಿನ ಬೇರೆ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಆದರೂ ಲೈಸೆನ್ಸ್ ಮಾಡಿಸಿಕೊಳ್ಳಿ ಅನ್ನುತ್ತೇನೆ, ಅದರ ಉಪಯೋಗ ರಾಜ್ಯದ ಗಡಿ ದಾಟಿದಾಗ ಗೊತ್ತಾಗುತ್ತದೆ.

ನಾನು ಸೋಮವಾರಪೇಟೆ ಕಡೆಯವನು. ಕೊಡಗಿನವರಿಗೆ ಕೋವಿ ಹೊಸದಲ್ಲ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಸಿಕ್ಕಿದ ವಿನಾಯಿತಿ ಇಂದಿಗೂ ಇದೆ, ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಹೈಕೋರ್ಟ್ ಕೂಡ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಅಂದರೆ ಉದ್ದ ನಳಿಕೆಯದ್ದು, ಎಲ್ಲರಿಗೂ ಕಾಣುವಂಥದ್ದು. ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ನಳಿಕೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ ನಡೆಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಊರಿಗೆಲ್ಲ ಕೇಳಿಸಲಿ ಅಂತಲೇ ಹಾರಿಸುವುದು. ಬಚ್ಚಿಟ್ಟುಕೊಂಡು ಓಡಾಡುವ ಪದ್ಧತಿ ನಮ್ಮಲ್ಲಿ ಇಲ್ಲ.

ನಮ್ಮ ದೊಡ್ಡಪ್ಪನದು ಜೋಡು ನಳಿಕೆ ಕೋವಿ. ಜೀಪಿನ ಬಾಗಿಲು ತೆರೆಯುವ ಮೊದಲೇ ನಳಿಕೆ ಮಡಚಿ ಎರಡೂ ಕಾರ್ಟ್ರಿಜ್ ಹೊರಗೆ ತೆಗೆದು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಳಿಕೆಯೊಳಗಿಂದ ಆಕಾಶ ಕಾಣುತ್ತಾ ಅಂತ ನಮಗೂ ತೋರಿಸಿ, ಆಮೇಲೆ ಹತ್ತುತ್ತಿದ್ದರು. ವಾಹನದೊಳಗೆ ತುಂಬಿದ ಕೋವಿ ಇರಬಾರದು, ಬಾಯಿ ಯಾರ ಕಡೆಗೂ ತಿರುಗಬಾರದು. ಈ ಎರಡು ವಿಷಯದಲ್ಲಿ ಅವರ ಹತ್ತಿರ ಮಾತೇ ಇರಲಿಲ್ಲ.

ಇಲ್ಲಿ ಎಲ್ಲಾ ಉಲ್ಟಾ. ಊರಲ್ಲಿ 9 ಎಂಎಂ ಪಿಸ್ತೂಲು ಸಾಮಾನ್ಯ ಜನರಿಗೆ ಸಿಗುವುದೇ ಇಲ್ಲ, ನಿಷೇಧಿತ ಬೋರ್ (ನಳಿಕೆಯ ಅಳತೆ) ಅದು. ಇಲ್ಲಿ ಅದೇ ಎಲ್ಲರ ಸೊಂಟದಲ್ಲಿ. ಅದೂ ಚೇಂಬರಿನಲ್ಲಿ, ಅಂದರೆ ನಳಿಕೆಯ ಬುಡದಲ್ಲಿ, ಗುಂಡು ಇಟ್ಟುಕೊಂಡೇ ಕಾರು ಹತ್ತುತ್ತಾರೆ. ಗ್ಲಾಕ್ ಥರದ ಪಿಸ್ತೂಲುಗಳಲ್ಲಿ ಬೆರಳಿನಿಂದ ಹಾಕುವ ಸೇಫ್ಟಿ ಕೂಡ ಇರುವುದಿಲ್ಲ. ಟ್ರಿಗರ್ ಒತ್ತಿದರೆ ಗುಂಡು ಹೋಯಿತು ಅಂತಲೇ ಲೆಕ್ಕ. ದೊಡ್ಡಪ್ಪನ ಜೇಬು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹೋಲ್ಸ್ಟರ್ ಒಂದೇ ಮಾಡಬೇಕು. ಆದ್ದರಿಂದ ಟ್ರಿಗರ್ ಗಾರ್ಡನ್ನು (ಟ್ರಿಗರ್ ಸುತ್ತಲಿನ ಬಳೆಯನ್ನು) ಪೂರ್ತಿ ಮುಚ್ಚುವ, ಹೊರಗಿನಿಂದ ಒತ್ತಿದರೂ ಬಗ್ಗದ ಹೋಲ್ಸ್ಟರ್ ಬೇಕು. ಬಟ್ಟೆಯದ್ದು, ಎಲ್ಲಾ ಪಿಸ್ತೂಲಿಗೂ ಆಗುತ್ತದೆ ಅಂತ ಮಾರುವ ಮೆತ್ತನೆ ಚೀಲದಂಥದ್ದು ಬೇಡವೇ ಬೇಡ. ಡ್ಯಾಶ್‌ಬೋರ್ಡ್ ಕೆಳಗೆ ಅಂಟಿಸುವ ಅಯಸ್ಕಾಂತವೂ ಬೇಡ, ಅದರಲ್ಲಿ ಟ್ರಿಗರ್ ಬರಿದಾಗಿಯೇ ಇರುತ್ತದೆ.

ಈಗ ಕೂರುವ ವಿಷಯಕ್ಕೆ ಬರೋಣ. ಹೋಲ್ಸ್ಟರನ್ನು ಎಲ್ಲರೂ ನಿಂತುಕೊಂಡು ಕನ್ನಡಿ ಮುಂದೆ ನೋಡುತ್ತಾರೆ, ಅಂಗಿ ಉಬ್ಬುತ್ತಾ ಇಲ್ಲವಾ ಅಂತ. ಕೂತಾಗ ಸೊಂಟದ ಲೆಕ್ಕವೇ ಬೇರೆ. ಇಲ್ಲಿ ಜಾಗವನ್ನು ಗಡಿಯಾರದ ಹಾಗೆ ಹೇಳುತ್ತಾರೆ: ಹೊಕ್ಕುಳ 12 ಗಂಟೆ, ಬಲ ಸೊಂಟ 3 ಗಂಟೆ. ಬಲಗೈಯವರು ಬಹಳ ಜನ 3ರಿಂದ 4ರ ನಡುವೆ ಕಟ್ಟುತ್ತಾರೆ, ನಡೆಯುವಾಗ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಅಮೆರಿಕದ ಕಾರಿನಲ್ಲಿ ಡ್ರೈವರ್ ಕೂರುವುದು ಎಡಗಡೆ, ಸೀಟ್ ಬೆಲ್ಟಿನ ಬಕಲ್ ಬರುವುದು ಬಲ ಸೊಂಟದ ಹತ್ತಿರ, ಪಿಸ್ತೂಲು ಇರುವಲ್ಲಿಯೇ! ಬಕಲ್ ಹಾಕುವಾಗ ಕೈ ತಡವರಿಸುತ್ತದೆ, ಬೆಲ್ಟ್ ಪಿಸ್ತೂಲಿನ ಹಿಡಿ ಮೇಲೆ ಬೀಳುತ್ತದೆ, ಬಕಲ್ ಬಿಚ್ಚಲು ಹೋಗಿ ಅಂಗಿ ಮೇಲೇರುತ್ತದೆ. 4 ಗಂಟೆಯ ಜಾಗದಲ್ಲಾದರೆ ಸೀಟಿನ ಬೆನ್ನು ಪಿಸ್ತೂಲನ್ನು ನೇರ ಮೂಳೆಗೆ ಒತ್ತುತ್ತದೆ. ಊರಿನ ಕಾರುಗಳಲ್ಲಿ ಬಕಲ್ ಎಡಗಡೆ, ಈ ತೊಂದರೆ ಬರುತ್ತಿರಲಿಲ್ಲ.

ನನ್ನ ಆಯ್ಕೆ ಮುಂಭಾಗ, 1 ಗಂಟೆಯ ಸುತ್ತಮುತ್ತ, ಪ್ಯಾಂಟಿನ ಒಳಗೆ. ಬಕಲ್ ದೂರ, ಸೀಟಿನ ಬೆನ್ನು ದೂರ. ಇದನ್ನು ಕೇಳಿದವರೆಲ್ಲ ಮೊದಲು ಹೇಳುವುದು ತೊಡೆ ಸಂದಿಗೆ ಚುಚ್ಚುತ್ತದೆ ಅಂತ. ಚುಚ್ಚುವುದು ಹೆಚ್ಚಾಗಿ ಎರಡು ಕಾರಣಕ್ಕೆ, ಪಿಸ್ತೂಲು ಉದ್ದ ಆಗಿರುತ್ತದೆ ಅಥವಾ ಹೋಲ್ಸ್ಟರ್ ತೀರಾ ಕೆಳಗೆ ಕೂತಿರುತ್ತದೆ. ಗ್ಲಾಕ್ 19ಕ್ಕಿಂತ ಸಿಗ್ ಪಿ365 ಗಿಡ್ಡ, ಹಗುರ, ದೂರದ ಡ್ರೈವ್‌ನಲ್ಲಿ ಆ ವ್ಯತ್ಯಾಸ ಮೈಗೆ ಚೆನ್ನಾಗಿ ಗೊತ್ತಾಗುತ್ತದೆ. ಬೆಲ್ಟಿಗೆ ಸಿಕ್ಕಿಸುವ ಕ್ಲಿಪ್ಪಿನ ಸ್ಕ್ರೂ ಬಿಚ್ಚಿ ಹೋಲ್ಸ್ಟರನ್ನು ಒಂದು ತೂತು ಮೇಲಕ್ಕೆ ಏರಿಸಿದರೂ ಅರ್ಧ ಕಷ್ಟ ಕಳೆಯುತ್ತದೆ. ಕೆಳತುದಿಯಲ್ಲಿ ಫೋಮಿನ ಒಂದು ಸಣ್ಣ ದಿಂಡು ಅಂಟಿಸಿದರೆ ಒತ್ತಡ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ಸೀಟ್ ಬೆಲ್ಟಿನ ಕೆಳಪಟ್ಟಿ ಪಿಸ್ತೂಲಿನ ಮೇಲೆ ಹಾದುಹೋಗಬಾರದು. ಅದಕ್ಕಿಂತ ಕೆಳಗೆ, ಸೊಂಟದ ಮೂಳೆಗೆ ಒತ್ತಿಕೊಂಡು ಇರಬೇಕು. ಡಿಕ್ಕಿಯಾದರೆ ಹೊಟ್ಟೆಗೂ ಬೆಲ್ಟಿಗೂ ನಡುವೆ ಕಬ್ಬಿಣ ಇರಬಾರದು, ಅಲ್ವಾ?

ಹೊಟ್ಟೆ ಬಂದವರಿಗೆ ಈ ಜಾಗ ಹೊಂದುವುದಿಲ್ಲ, ಬಲವಂತ ಮಾಡಬೇಡಿ. ಅವರಿಗೆ ಎಡ ಸೊಂಟದ ಮುಂದೆ ಅಡ್ಡಲಾಗಿ ಕಟ್ಟುವ ಹೋಲ್ಸ್ಟರ್ ಇದೆ, ಕೂತಲ್ಲಿ ಅದು ನಿಜಕ್ಕೂ ಆರಾಮ. ಕಾಲಿಗೆ ಕಟ್ಟುವುದನ್ನೂ ನಾನು ತಳ್ಳಿಹಾಕುವುದಿಲ್ಲ. ಊರಿನ ಗೇರ್ ಗಾಡಿಯಲ್ಲಿ ಎಡಗಾಲಿಗೆ ಕ್ಲಚ್ ತುಳಿದು ಪುರಸೊತ್ತಿಲ್ಲ. ಇಲ್ಲಿ ಎಲ್ಲಾ ಆಟೋಮ್ಯಾಟಿಕ್, ಎಡಗಾಲು ಸುಮ್ನೆ ಮಲಗಿರುತ್ತದೆ. ಬಲಗೈಯವರು ಎಡಗಾಲಿನ ಒಳಬದಿಗೆ ಕಟ್ಟಿದರೆ ದಾರಿಯುದ್ದಕ್ಕೂ ಸೊಂಟ ಹಗುರ. ಇಳಿದು ಜಾಸ್ತಿ ನಡೆಯುವ ದಿನ ಮಾತ್ರ ಅದು ಭಾರ.

ಹೆಗಲಿಗೆ ತೂಗುಹಾಕುವ ಹೋಲ್ಸ್ಟರನ್ನು ದೂರ ಓಡಿಸುವವರು ಹೊಗಳುತ್ತಾರೆ. ಸೊಂಟಕ್ಕೆ ಏನೂ ತಗಲುವುದಿಲ್ಲ, ಒಪ್ಪುತ್ತೇನೆ. ಆದರೆ ಅದರಲ್ಲಿ ಬಹಳಷ್ಟು ಅಡ್ಡಡ್ಡ ತೂಗುವಂಥವು, ಪಿಸ್ತೂಲಿನ ಬಾಯಿ ನೇರ ಹಿಂದಕ್ಕೆ ಇರುತ್ತದೆ. ಹಿಂದೆ ಕೂತಿರುವುದು ಯಾರು? ಕಾರ್ ಸೀಟಿನಲ್ಲಿ ನಿದ್ದೆ ಮಾಡುತ್ತಿರುವ ಮಗು. ಕೊಡಗಿನಲ್ಲಿ ಬೆಳೆದ ಯಾರಿಗೂ ಇದು ಸರಿ ಅನ್ನಿಸಲಾರದು. ಇಲ್ಲಿನ ಕೆಲವರು ಅದನ್ನು ಅಷ್ಟು ಸಲೀಸಾಗಿ ತೆಗೆದುಕೊಳ್ಳುವುದು ನನಗೆ ಅರ್ಥ ಆಗಿಲ್ಲ, ಆಗುವುದೂ ಬೇಡ.

ಚರ್ಮದ್ದೋ ಕೈಡೆಕ್ಸೋ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಅಂತ ಕೇಳುವವರಿಗೆ ಕೈಡೆಕ್ಸ್ ಅನ್ನುತ್ತೇನೆ. ಚರ್ಮ ಮೈಗೆ ಮೆದು. ಆದರೆ ಹಳತಾದ ಚರ್ಮ ಬೆವರು ಕುಡಿದು ಬಾಯಿ ಬಳಿ ಒಳಕ್ಕೆ ಮಡಚಿಕೊಳ್ಳುತ್ತದೆ, ಪಿಸ್ತೂಲು ವಾಪಸ್ ಹಾಕುವಾಗ ಆ ಮಡಿಕೆ ಟ್ರಿಗರಿಗೆ ಸಿಕ್ಕಿ ಗುಂಡು ಹಾರಿದ್ದುಂಟು. ಕೈಡೆಕ್ಸ್ ಗಟ್ಟಿ, ಆಕಾರ ಬಿಡುವುದಿಲ್ಲ. ಒಳಗೊಂದು ತೆಳು ಬನಿಯನ್ ಹಾಕಿದರೆ ಬೆವರಿನ ಕಿರಿಕಿರಿಯೂ ಕಡಿಮೆ. ಅದಕ್ಕಿಂತ ದೊಡ್ಡದು ಸೊಂಟದ ಬೆಲ್ಟ್. ಮೆತ್ತಗಿನ ಬೆಲ್ಟಿಗೆ ಎಂಥ ಹೋಲ್ಸ್ಟರ್ ಹಾಕಿದರೂ ಜೋತುಬೀಳುತ್ತದೆ. ತೂತುಗಳಿಲ್ಲದ, ಹಲ್ಲುಪಟ್ಟಿಯ ಮೇಲೆ ಸ್ವಲ್ಪ ಸ್ವಲ್ಪವೇ ಸಡಿಲಿಸಬಹುದಾದ ಬೆಲ್ಟ್ ಸಿಗುತ್ತದೆ. ಕಾರು ಹತ್ತಿದಾಗ ಎರಡು ಹಲ್ಲು ಸಡಿಲಿಸಿ, ಇಳಿದಾಗ ಬಿಗಿ ಮಾಡಿ. ಚಪ್ಪಲಿ ಅಂಗಡಿಯಲ್ಲಿ ನಡೆದು ನೋಡಿ ಕೊಳ್ಳುವ ಹಾಗೆ ಹೋಲ್ಸ್ಟರನ್ನು ಕೂತು ನೋಡಿ ಕೊಳ್ಳಿ. ಖಾಲಿ ಮಾಡಿದ ಪಿಸ್ತೂಲು ಹಾಕಿಕೊಂಡು ನಿಮ್ಮ ಕಾರಿನಲ್ಲೇ ಕೂರಿ, ಸೀಟ್ ಬೆಲ್ಟ್ ಹಾಕಿ, ಎಡಕ್ಕೆ ತಿರುಗಿ ಪಕ್ಕದ ಲೇನ್ ನೋಡಿ, ಗ್ಲೋವ್ ಬಾಕ್ಸಿಗೆ ಬಾಗಿ. ವಾಪಸ್ ತೆಗೆದುಕೊಳ್ಳುವ ಕಡೆ ಕೊಂಡರೆ ಹೊಂದದ್ದನ್ನು ಹಿಂದಿರುಗಿಸಬಹುದು.

ಪೊಲೀಸರು ಗಾಡಿ ನಿಲ್ಲಿಸಿದಾಗ ಏನು ಅನ್ನುವುದನ್ನು ನಮ್ಮವರು ಯೋಚಿಸುವುದೇ ಇಲ್ಲ. ಪರ್ಸು ಬಲ ಹಿಂಜೇಬಿನಲ್ಲಿ, ಪಿಸ್ತೂಲು ಅದರ ಮೇಲೆ. ಲೈಸೆನ್ಸ್ ತೋರಿಸಿ ಅಂದ ತಕ್ಷಣ ಕೈ ಹೋಗುವುದು ಎಲ್ಲಿಗೆ? ಕಿಟಕಿಯಲ್ಲಿ ನಿಂತ ಅಧಿಕಾರಿಗೆ ಕಾಣುವುದು ಪಿಸ್ತೂಲಿನ ಕಡೆ ಹೋಗುವ ಕೈ. ಹೊರಡುವ ಮೊದಲೇ ಡ್ರೈವಿಂಗ್ ಲೈಸೆನ್ಸನ್ನೂ ಪಿಸ್ತೂಲಿನ ಲೈಸೆನ್ಸನ್ನೂ ಒಟ್ಟಿಗೆ ಎದುರಿನ ಸನ್ ವೈಸರಿಗೆ ಸಿಕ್ಕಿಸಿ. ನಿಲ್ಲಿಸಿದರೆ ಒಳಗಿನ ದೀಪ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, ಪಿಸ್ತೂಲು ಇದೆ ಅಂತ ಬಾಯಲ್ಲಿ ಹೇಳಿ, ಅವರು ಹೇಳಿದಂತೆ ಮಾಡಿ.

ಇಳಿಯಬೇಕಾದ ಕಡೆ ಎಲ್ಲಾ ಒಯ್ಯುವಂತಿಲ್ಲ. ಶಾಲೆ, ಫೆಡರಲ್ ಕಟ್ಟಡ, 51 ಪರ್ಸೆಂಟ್ ಅಂತ ಕೆಂಪು ಅಕ್ಷರದ ಬೋರ್ಡ್ ಹಾಕಿದ ಬಾರು (ಅರ್ಧಕ್ಕಿಂತ ಹೆಚ್ಚು ಆದಾಯ ಮದ್ಯದಿಂದಲೇ ಬರುವಂಥದ್ದು), ಇವೆಲ್ಲ ನಿಷಿದ್ಧ. ಇದಕ್ಕೇ ನಾನು ಕ್ಲಿಪ್ ಇರುವ ಹೋಲ್ಸ್ಟರನ್ನು ಒತ್ತಿ ಹೇಳುವುದು. ಪಿಸ್ತೂಲನ್ನು ಹೊರಗೆ ಎಳೆಯಬೇಡಿ, ಹೋಲ್ಸ್ಟರ್ ಸಮೇತ ಕ್ಲಿಪ್ ಬಿಡಿಸಿ ಬೀಗದ ಪೆಟ್ಟಿಗೆಗೆ ಹಾಕಿ. ಟ್ರಿಗರ್ ಒಂದು ಕ್ಷಣವೂ ಬಯಲಾಗುವುದಿಲ್ಲ. ಪೆಟ್ಟಿಗೆಯನ್ನು ಸೀಟಿನ ಕಬ್ಬಿಣಕ್ಕೆ ಕೇಬಲ್ಲಿನಿಂದ ಬಿಗಿಯಿರಿ, ಕಾರಿನಿಂದ ಪಿಸ್ತೂಲು ಕದಿಯುವುದು ಈ ದೇಶದಲ್ಲಿ ದೊಡ್ಡ ಪಿಡುಗು. ರಾತ್ರಿ ಹೋಟೆಲಿಗೆ ಅದೇ ಪೆಟ್ಟಿಗೆ ನಿಮ್ಮ ಜೊತೆ ಬರಲಿ.

ಐ-10ರಲ್ಲೇ ಕ್ಯಾಲಿಫೋರ್ನಿಯಾ ತನಕ ಹೋಗುವವರು ಇನ್ನೊಂದು ವಿಷಯ ಗಮನಿಸಿ. ಟೆಕ್ಸಾಸ್ ಲೈಸೆನ್ಸ್ ನ್ಯೂ ಮೆಕ್ಸಿಕೋ, ಅರಿಜೋನಾ ಎರಡರಲ್ಲೂ ನಡೆಯುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಡಿಕ್ಕಿಯೊಳಗೆ ಹೋಗಬೇಕು. 10ಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜೀನನ್ನು ಮನೆಯಲ್ಲೇ ಬಿಟ್ಟು ಹೊರಡಿ. ಗಡಿಯ ಕೊಲರಾಡೋ ನದಿ ಹತ್ತಿರ ಎಹ್ರೆನ್‌ಬರ್ಗ್‌ನ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಜನರ ನಡುವೆ ಪಿಸ್ತೂಲು ಖಾಲಿ ಮಾಡುತ್ತಾ ಕೂರಬೇಡಿ. ಹಿಂದಿನ ರಾತ್ರಿ ಫೀನಿಕ್ಸ್‌ನಲ್ಲಿ ಉಳಿದುಕೊಂಡಿದ್ದರೆ ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲೇ ಆ ಕೆಲಸ ಮುಗಿಸಿ, ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿ ಹೊರಡಿ.